ಎಂಟು ಮಾರು ಹಗ್ಗ

ಟೊಂಕ, ಹೊನ್ನಾವರ ತಾಲೂಕು
12-11-1963

ಚಿ. ಕಮಲಾಕರನಿಗೆ ಅತ್ತಿಗೆ ಗಂಗಿಯ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಎಂದು ತಿಳಿದುಕೋ. ಈ ದೀಪಾವಳಿಗೂ ಬರುತ್ತೇನೆಂದು ನೀನು ಬರೆದಿದ್ದೆ, ಬರಲಿಲ್ಲ. ಹೀಗೇ ಏಳು ದೀಪಾವಳಿ ಹೋದವು. ಮುಂಬಯಿಯಿಂದ ಹುಬ್ಬಳ್ಳಿಗೆ ರೈಲಿದೆ, ಅಲ್ಲಿಂದ ಹೊನ್ನಾವರಕ್ಕೆ ಬಸ್ಸಿದೆ, ಹೊಳೆ ದಾಟಲು ಲಾಂಚಿದೆ. ಯಾರೂ ನಿನ್ನನ್ನು ಈಜಿಕೊಂಡು ಬಾ ಎನ್ನುತ್ತಿಲ್ಲ ಮಾರಾಯ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಮರಳಿನ ಮೇಲೆ ಒತ್ತಕ್ಷರ ತಿದ್ದಿಸಿ ಕಾಗದ ಬರೆಯಲು ಕಲಿಸಿದವನು ನೀನು. ಈಗ ನಾನು ನಾಲ್ಕು ಬರೆದರೆ ನಿನ್ನದು ಒಂದು ಬರುತ್ತದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಮುಂದಿನ ಚೌತಿಗೆ ನಿನ್ನ ಅಣ್ಣ ಹೋಗಿ ಏಳು ವರ್ಷ ತುಂಬುತ್ತದೆ. ಹೆಣ ಸಿಗದವರಿಗೆ ನಮ್ಮ ಕೇರಿಯಲ್ಲಿ ಏಳು ವರ್ಷ ಕಾಯುತ್ತಾರೆ. ಆಮೇಲೆ ದರ್ಭೆಯ ಗೊಂಬೆ ಮಾಡಿ ನೀರಿನ ಅಂಚಿನಲ್ಲಿ ಮಲಗಿಸಿ, ಹೆಂಡತಿಯಾದವಳು ಸಮುದ್ರದ ಕಡೆ ಮುಖ ಮಾಡಿ ಗಂಡನನ್ನು ಹೆಸರು ಹಿಡಿದು ಮೂರು ಸಲ ಕೂಗಬೇಕು. ಓಗೊಡದಿದ್ದರೆ ಗೊಂಬೆಗೆ ಬೆಂಕಿ. ಅಲ್ಲಿಗೆ ಅವಳ ಬಳೆ ಕುಂಕುಮ ಮುಗಿಯಿತು. ಮದುವೆಯಾದ ದಿನದಿಂದ ಈ ಬಾಯಿಂದ ಆ ಹೆಸರು ಹೊರಟಿಲ್ಲ ಕಮಲಾ. ರೇಷನ್ ಕಾರ್ಡಿನವನು ಕೇಳಿದಾಗಲೂ ಪಕ್ಕದ ಮನೆ ಈರಮ್ಮನಿಂದ ಹೇಳಿಸಿದೆ. ಜೀವ ಇರುವ ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಅವರು ಎಲ್ಲೋ ಬದುಕಿದ್ದು, ಇಲ್ಲಿ ನಾನೇ ಕೂಗಿ ಕೊಂದೆ ಎಂದಾದರೆ?

ಮಾವನದು ದಿನಾ ಒಂದೇ ಮಾತು. "ಗಂಗೀ, ಮುಗಸ್ಬಿಡುವ. ಅಂವ ಬರೂದಿಲ್ಲ." ನೀವು ಕಂಡಿರಾ ಎಂದು ಕೇಳಿದರೆ ಬಲೆ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಕಂಡಿರಬಹುದಾದವನು ನೀನೊಬ್ಬನೇ. ಅದಕ್ಕೇ ನೀನು ಹೇಳಿದ್ದನ್ನೆಲ್ಲ ಮತ್ತೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಚೌತಿ ಕಳೆದ ನಾಲ್ಕನೇ ದಿನ ನೀವಿಬ್ಬರೇ ಸಣ್ಣ ದೋಣಿ ತೆಗೆದುಕೊಂಡು ಹೋದಿರಿ. ಮಧ್ಯಾಹ್ನ ತಿರುಗಿ ಬರುವಾಗ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಅಣ್ಣ ನಿನ್ನ ಸೊಂಟಕ್ಕೆ ದೋಣಿಯ ಹಗ್ಗ ಕಟ್ಟಿದರು. ತನಗೂ ಕಟ್ಟಿಕೊಳ್ಳುವಷ್ಟರಲ್ಲಿ ದೊಡ್ಡ ತೆರೆ ಬಂತು. ಸಂಜೆ ನಮ್ಮ ಕೇರಿಯ ಶನಿಯಾರ ಮತ್ತು ಅವನ ಜೊತೆಯವರು ಬಂದು ನಿನ್ನನ್ನು ಮಗುಚಿದ ದೋಣಿಯ ಬೆನ್ನಿನಿಂದ ಎತ್ತಿದರು.

ಆ ಗಂಟು ನೀರು ಕುಡಿದು ಬಿಗಿದಿತ್ತು, ಬಿಚ್ಚಲು ಬರದೆ ಸೊಂಟದಿಂದ ಜಾರಿಸಿ ತೆಗೆದಿದ್ದರು. ಅವರದು ಎಡಗೈ ಗಂಟು, ಬೇರೆ ಯಾರಿಗೂ ಹಾಕಲು ಬರುವುದಿಲ್ಲ. ಈಗಲೂ ಹಾಗೇ ಇದೆ. ಆ ಹಗ್ಗವನ್ನು ಮಾವ ಬಟ್ಟೆ ಒಣಗಿಸಲು ಅಂಗಳದಲ್ಲಿ ಕಟ್ಟಿದ್ದಾರೆ. ಗಂಟಿನ ಕಡೆಯ ಕುಣಿಕೆ ತೆಂಗಿನ ಮರದ ಮೊಳೆಗೆ, ಇನ್ನೊಂದು ತುದಿ ಜಗಲಿಯ ಕಂಬಕ್ಕೆ ಸುತ್ತಿ ಸುತ್ತಿ. ದಿನಾ ಸೀರೆ ಹಾಕುವಾಗ ಗಂಟನ್ನು ಮುಟ್ಟುತ್ತೇನೆ. ನಗಬೇಡ.

ಕೇಳುವುದು ಇಷ್ಟೇ. ಅವರು ಮುಳುಗಿದ್ದನ್ನು ನೀನು ಕಣ್ಣಾರೆ ಕಂಡೆಯೋ ಇಲ್ಲವೋ? ಕಂಡೆ ಎಂದು ಬರೆ, ಕೂಗುತ್ತೇನೆ. ಕಾಣಲಿಲ್ಲ ಎಂದು ಬರೆ, ಕಾಯುತ್ತೇನೆ. ಭಟ್ಕಳದ ಒಬ್ಬನನ್ನು ಹೀಗೇ ನಡುನೀರಿನಿಂದ ಹಡಗಿನವರು ಎತ್ತಿಕೊಂಡು ಬಸರಾಕ್ಕೆ ಒಯ್ದಿದ್ದರಂತೆ, ನಾಲ್ಕು ವರ್ಷದ ಮೇಲೆ ಮನೆಗೆ ಬಂದನಂತೆ. ಹಾಗೂ ಆಗುತ್ತದೆ.

ನಿನ್ನ ಅತ್ತಿಗೆ
ಗಂಗಿ

*

ಗಿರಗಾಂವ, ಮುಂಬಯಿ
4-12-1963

ಅತ್ತಿಗೆಗೆ ಕಮಲಾಕರನ ನಮಸ್ಕಾರ.

ಬರಲಿಲ್ಲವೆಂದು ಬೈಯಬೇಡ. ಸಿನೆಮಾದ ಬೋರ್ಡು ಬರೆಯುವ ಕೆಲಸ ಬಿಟ್ಟೆ. ಈಗ ದೊಡ್ಡದೊಂದು ಸಿಕ್ಕಿದೆ. ಬಂದರಿನ ಹತ್ತಿರ ಹಡಗು ಕಂಪನಿಯೊಂದು ಹೊಸ ಕಚೇರಿ ಕಟ್ಟಿಸಿದೆ. ಬಾಗಿಲು ದಾಟಿದ ಕೂಡಲೇ ಎದುರಿಗೆ ನಲವತ್ತು ಅಡಿ ಉದ್ದ, ಹನ್ನೆರಡು ಅಡಿ ಎತ್ತರದ ಗೋಡೆ. ಅದರ ತುಂಬ ಚಿತ್ರ ಬೇಕಂತೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ಸಮುದ್ರವನ್ನು ಗೆದ್ದ ಮನುಷ್ಯ.

ನಿನಗೆ ನಗು ಬರಬಹುದು. ಸಮುದ್ರ ನನ್ನ ಖೋಲಿಯಿಂದ ಹತ್ತು ನಿಮಿಷದ ದಾರಿ. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಕಡೆ ಹೋಗಿಲ್ಲ. ಜೊತೆಯವರು ಸಂಜೆ ಚೌಪಾಟಿಗೆ ಕರೆದರೆ ತಲೆನೋವು ಎನ್ನುತ್ತೇನೆ. ಮಳೆಗಾಲದಲ್ಲಿ ಅದರ ಸದ್ದು ಇಲ್ಲಿಗೂ ಕೇಳುತ್ತದೆ, ಆಗ ಕಿಟಕಿಗೆ ಕಂಬಳಿ ಕಟ್ಟುತ್ತೇನೆ. ನನಗೆ ಹೆದರಿಕೆ ಅತ್ತಿಗೆ. ಬೇರೆ ಯಾರಿಗೂ ಇದನ್ನು ಹೇಳಿಲ್ಲ.

ಅಂಥವನು ಸಮುದ್ರ ಬರೆಯಲು ಕುಳಿತೆ. ಮೊದಲು ನೀರು ಹಾಕೋಣ, ಮನುಷ್ಯ ಆಮೇಲೆ ಎಂದುಕೊಂಡು ಶುರು ಮಾಡಿದೆ. ನೀರು ಗೋಡೆಯ ಮೇಲೆ ಏರುತ್ತ ಹೋಯಿತು. ಹತ್ತು ಅಡಿ ಸಮುದ್ರವೇ ಆಯಿತು, ಮನುಷ್ಯನಿಗೆ ಎರಡು ಅಡಿ ಉಳಿಯಿತು. ಮ್ಯಾನೇಜರ್ ಸಾಹೇಬರು ಬಂದು ನೋಡಿ, "ಸಮುದ್ರ ಜಾಸ್ತಿಯಾಯಿತು, ತಗ್ಗಿಸಿ" ಎಂದರು. ಒಂದು ಅಡಿ ತಗ್ಗಿಸಿದೆ. ಮರು ಶನಿವಾರ ಬಂದು "ಇನ್ನೂ ತಗ್ಗಿಸಿ" ಎಂದರು. ಪ್ರತಿ ಶನಿವಾರ ಸಮುದ್ರ ಒಂದೊಂದು ಅಡಿ ಇಳಿಯುತ್ತಿದೆ. ಇಲ್ಲಿ ಅದು ಒಂದು ಬಾಲದಿ ಬಣ್ಣದ ಕೆಲಸ. ಈಗ ಮನುಷ್ಯನ ಮೊಣಕಾಲಿನವರೆಗೆ ಬಂದಿದೆ, ಅಲೆಗಳು ತಲೆ ಬಾಗಿದ ಹಾಗೆ ಬೇಕಂತೆ. ಹಗಲೆಲ್ಲ ತಗ್ಗಿಸುತ್ತೇನೆ. ಆದರೂ ಏಣಿ ಇಳಿದ ಮೇಲೆ ಗೋಡೆಗೆ ಬೆನ್ನು ಮಾಡಿಯೇ ಕುಂಚ ತೊಳೆಯುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ. ಸೋಮಣ್ಣ ಮುಳುಗಿದ್ದನ್ನು ನಾನು ಕಣ್ಣಿಂದ ನೋಡಲಿಲ್ಲ. ಇದು ದೇವರಾಣೆಗೂ ನಿಜ. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ.

ಅಪ್ಪನ ಕೆಮ್ಮಿಗೆ ಔಷಧ ಕಳಿಸಿದ್ದೇನೆ.

ನಿನ್ನ ಮೈದುನ
ಕಮಲಾಕರ

*

ಟೊಂಕ
22-1-1964

ಚಿ. ಕಮಲಾಕರನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಮಡಚಿ ಮಡಚಿ ಗೆರೆ ಹರಿದಿದೆ. ನೋಡಲಿಲ್ಲ ಎಂದು ಬರೆದೆಯಲ್ಲ, ಅಷ್ಟು ಸಾಕು ನನಗೆ. ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಕಮಲನೇ ಕಾಣಲಿಲ್ಲವಂತೆ, ಇನ್ನು ಗೊಂಬೆಯ ಮಾತು ತೆಗೆದರೆ ನಾನು ತವರಿಗೆ ಹೋಗುತ್ತೇನೆ" ಎಂದೆ. ಅವರ ಮುಖ ಬಿಳಚಿಕೊಂಡಿತು. ಆ ದಿನ ಊಟಕ್ಕೂ ಏಳಲಿಲ್ಲ. ಮುದುಕರಿಗೆ ನನ್ನ ಬಳೆಯ ಮೇಲೆ ಏಕೆ ಇಷ್ಟು ಸಿಟ್ಟೋ.

ನಾನೊಬ್ಬಳೇ ಭಟ್ಕಳಕ್ಕೆ ಹೋಗಿಬಂದೆ. ಬಸರಾದಿಂದ ತಿರುಗಿ ಬಂದವನ ಮನೆ ಹುಡುಕಲು ಅರ್ಧ ದಿನ ಹಿಡಿಯಿತು. ಅವನು ಅಂಗಡಿಗೆ ಹೋಗಿದ್ದ. ಅವನ ಹೆಂಡತಿ ಒಳಗೆ ಕರೆದು ಚಾಪೆ ಹಾಕಿ ಕೂರಿಸಿ, ಸೇಮಿಗೆ ಪಾಯಸ ಕೊಟ್ಟಳು. ಅವರ ಮನೆಮಾತು ಬೇರೆ, ನನ್ನ ಜೊತೆ ಕನ್ನಡದಲ್ಲೇ ಆಡಿದಳು. "ಎಲ್ಲರೂ ಸತ್ತ ಸತ್ತ ಅಂದ್ರು. ನಾನು ದಿನಾ ಒಂದು ಮುಷ್ಟಿ ಅಕ್ಕಿ ಹೆಚ್ಚು ಹಾಕ್ತಿದ್ದೆ. ಒಂದು ದಿನ ಬಾಗಿಲಲ್ಲಿ ನಿಂತಿದ್ರು. ನೀನೂ ಹಾಕು ತಂಗಿ" ಎಂದಳು. ಇಬ್ಬರೂ ಅತ್ತೆವು. ಬರುವಾಗ ಪೇಟೆಯಲ್ಲಿ ಒಂದು ಡಜನು ಹಸಿರು ಬಳೆ ಹಾಕಿಸಿಕೊಂಡೆ. ಇಡಗುಂಜಿಯ ಗಣಪತಿಗೆ ಹರಕೆಯನ್ನೂ ಹೊತ್ತಿದ್ದೇನೆ. ಆ ದಿನದಿಂದ ನಮ್ಮ ಮನೆಯಲ್ಲೂ ಒಂದು ಮುಷ್ಟಿ ಅಕ್ಕಿ ಹೆಚ್ಚು.

ಊರಿಗೆ ಸರಕಾರದ ಯಂತ್ರದ ದೋಣಿ ಬಂದಿದೆ. ಅಧಿಕಾರಿಯೊಬ್ಬ ಭಾಷಣ ಮಾಡಿ, ಇನ್ನು ಸಮುದ್ರವೆಂದರೆ ನಿಮ್ಮ ಮನೆಯ ಹಿತ್ತಲು ಇದ್ದ ಹಾಗೆ ಎಂದ. ಶನಿಯಾರ ಎದ್ದು ನಿಂತು, "ಹೌದೌದು, ಬೇಲಿ ಹಾಕೂದು ಯಾವಾಗ?" ಎಂದು ಕೇಳಿದ. ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ. ಮೇಲೆ ಘಟ್ಟದಲ್ಲಿ ನಮ್ಮ ಹೊಳೆಗೂ ಕಟ್ಟೆ ಕಟ್ಟುತ್ತಿದ್ದಾರಂತೆ. ನಿನ್ನ ಮ್ಯಾನೇಜರ್ ಒಬ್ಬನೇ ಅಲ್ಲ, ಎಲ್ಲರಿಗೂ ಈಗ ನೀರು ತಗ್ಗಿಸುವ ಕೆಲಸ.

ಚಿತ್ರ ಮುಗಿದ ಮೇಲೆ ಒಂದು ಫೋಟೋ ಕಳಿಸು. ನಾನೂ ನೋಡುತ್ತೇನೆ, ನೀನು ಗೆದ್ದ ಸಮುದ್ರ ಎಷ್ಟಿದೆ ಎಂದು.

ನಿನ್ನ ಅತ್ತಿಗೆ
ಗಂಗಿ

*

ಮುಂಬಯಿ
20-3-1964

ಅತ್ತಿಗೆಗೆ ನಮಸ್ಕಾರ.

ಚಿತ್ರ ಮುಗಿಯಿತು. ಫೋಟೋ ಇದರ ಜೊತೆಗಿದೆ. ಕಳಿಸಬೇಕೋ ಬೇಡವೋ ಎಂದು ಎಂಟು ದಿನ ಯೋಚಿಸಿದೆ.

ನಡುವೆ ಚುಕ್ಕಾಣಿ ಹಿಡಿದು ನಿಂತವನೇ ಗೆದ್ದ ಮನುಷ್ಯ. ಹಿಂದೆ ಕ್ರೇನು, ಕಲ್ಲಿನ ತಡೆಗೋಡೆ, ದೊಡ್ಡ ಹಡಗು. ಅವನ ಪಾದದ ಕೆಳಗೆ, ಎಡಮೂಲೆಯಲ್ಲಿ, ಮಗುಚಿದ ಹಳೆಯ ದೋಣಿ. ಅದು ಮೊದಲು ಇರಲಿಲ್ಲ. ಸಮುದ್ರವನ್ನು ತಗ್ಗಿಸಿ ತಗ್ಗಿಸಿ ಕೊನೆಯ ವಾರ ಆ ಮೂಲೆ ಖಾಲಿ ಉಳಿಯಿತು. ಕೈ ತಾನಾಗಿ ದೋಣಿ ಬರೆಯಿತು, ದೋಣಿಯ ಮೇಲೆ ಹಗ್ಗ ಬರೆಯಿತು. ಅಳಿಸಬೇಕೆಂದು ಮೂರು ಸಲ ಕುಂಚ ಎತ್ತಿ ಮೂರು ಸಲ ಇಳಿಸಿದೆ.

ಉದ್ಘಾಟನೆಯ ದಿನ ಮ್ಯಾನೇಜರ್ ಸಾಹೇಬರು ಕೋಲು ಹಿಡಿದು ಆ ಹಗ್ಗವನ್ನೇ ತೋರಿಸಿದರು. "ನೋಡಿ, ಪ್ರಕೃತಿ ತನ್ನನ್ನು ಕಟ್ಟಿಹಾಕಿದ್ದ ಹಗ್ಗವನ್ನು ಮನುಷ್ಯ ಕಡಿದುಕೊಂಡಿದ್ದಾನೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹಾರ ಹಾಕಿದರು. ನಾನು ಅದನ್ನು ಕುರ್ಚಿಯ ಮೇಲೆ ಬಿಟ್ಟು ಹಿಂದಿನ ಅಂಗಳದಿಂದ ಹೊರಟುಹೋದೆ.

ಕಮಲಾಕರ

*

ಟೊಂಕ
15-4-1964

ಕಮಲಾಕರನಿಗೆ,

ಫೋಟೋ ತಲುಪಿತು. ಕೇರಿಯವರೆಲ್ಲ ನೋಡಿದರು. ಈರಮ್ಮ ಆ ಮನುಷ್ಯನ ಮೂಗು ಚಂದ ಎಂದಳು. ಶನಿಯಾರ "ಚುಕ್ಕಾಣಿ ಹಿಡಿಯೂದು ಹಾಂಗಲ್ಲ, ಹಾಂಗೆ ನಿಂತ್ರೆ ಮೊದಲ ತೆರೆಗೇ ಬೀಳ್ತ" ಎಂದ. ಎಲ್ಲರೂ ಮನುಷ್ಯನನ್ನು ನೋಡಿದರು. ನಾನು ಮೂಲೆ ನೋಡಿದೆ.

ದೋಣಿ ನಮ್ಮದೇ. ಬೆನ್ನಿನ ಮೇಲೆ ಮಾವ ಹೊಡೆದ ತಗಡಿನ ತೇಪೆಯನ್ನೂ ನೀನು ಮರೆತಿಲ್ಲ. ಆದರೆ ಹಗ್ಗದ ತುದಿ ನನಗೆ ಸರಿಕಾಣಲಿಲ್ಲ. ಒಣಮೀನು ತೆಗೆದುಕೊಂಡು ಕುಮಟೆ ಸಂತೆಗೆ ಹೋದ ದಿನ, ಗಡಿಯಾರ ರಿಪೇರಿಯವನ ಹತ್ತಿರ ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೇಳಿದೆ. "ಎಂತ ನೋಡೂದು ಅಮ್ಮ, ಮದುವೆ ಫೋಟೋವಾ?" ಎಂದು ತಮಾಷೆ ಮಾಡಿ ಕೊಟ್ಟ. ಅವನ ಅಂಗಡಿಯ ಹಲಗೆಯ ಮೇಲೆ ಫೋಟೋ ಇಟ್ಟು ನೋಡಿದೆ.

ಹದಿನಾರು ವರ್ಷದಿಂದ ಬಲೆ ಹೊಲೆಯುವವಳು ನಾನು, ಹಗ್ಗ ನೋಡಲು ನನಗೆ ಯಾರೂ ಕಲಿಸಬೇಕಾಗಿಲ್ಲ. ಸಮುದ್ರ ಹರಿದ ಹಗ್ಗವಾದರೆ ತುದಿ ಕಸ ಗುಡಿಸುವ ಹಿಡಿಸೂಡಿಯ ಹಾಗೆ ಬಿಚ್ಚಿಕೊಂಡಿರುತ್ತದೆ. ಹರಿಯದ ಹಗ್ಗವಾದರೆ ಮಾವ ಹಾಕುವ ಸಣ್ಣ ಕೊನೆಗಂಟು ಇರುತ್ತದೆ. ನೀನು ಬರೆದಿರುವುದು ಓರೆಯಾಗಿ, ನುಣ್ಣಗೆ, ಚೂರಿಯಲ್ಲಿ ಕೊಯ್ದ ತುದಿ.

ಮನೆಗೆ ಬಂದವಳು ಬುಟ್ಟಿಯನ್ನೂ ಇಳಿಸದೆ ಅಂಗಳಕ್ಕೆ ಹೋದೆ. ಕಂಬಕ್ಕೆ ಸುತ್ತಿದ್ದ ಕಡೆಯನ್ನು ಬಿಚ್ಚಿದೆ. ಆ ಕಡೆಯನ್ನು ಇಷ್ಟು ವರ್ಷ ನಾನು ಬಿಚ್ಚಿ ನೋಡಿರಲಿಲ್ಲ. ಒಳಗಿನ ತುದಿ ಬಿಸಿಲು ಮಳೆ ಕಾಣದೆ ಹೊಸದರ ಹಾಗೇ ಇತ್ತು. ಓರೆಯಾಗಿ, ನುಣ್ಣಗೆ. ನಿನ್ನ ಚಿತ್ರದಲ್ಲಿ ಇದ್ದ ಹಾಗೇ.

ಮಾವ ಹೊಸೆಯುವ ದೋಣಿಹಗ್ಗ ಎಂಟು ಮಾರು. ಒಂದು ಗೇಣೂ ಹೆಚ್ಚುಕಡಿಮೆ ಇರುವುದಿಲ್ಲ. ಕೈ ಚಾಚಿ ಅಳೆದೆ. ನನ್ನ ಕೈ ಗಿಡ್ಡ, ಅಳತೆ ಎಂಟಕ್ಕಿಂತ ಹೆಚ್ಚೇ ಬರಬೇಕು. ಐದು ಬಂತು. ಮತ್ತೆ ಅಳೆದೆ, ಐದೇ.

ಶನಿಯಾರನ ಮನೆಗೆ ಓಡಿದೆ. ಆ ದಿನ ಹಗ್ಗಕ್ಕೆ ಚೂರಿ ಹಾಕಿದಿರಾ ಎಂದು ಕೇಳಿದೆ. "ಇಲ್ಲ ಮಾರಾಯ್ತಿ, ಜಾರ್ಸಿ ತೆಗದದ್ದು. ಆಚೆ ತುದಿ ನೀರಲ್ಲಿ ತೇಲ್ತಿತ್ತು. ಎಂತಕ್ಕೆ ಈಗ?" ಎಂದ. ಏನೂ ಇಲ್ಲ ಎಂದು ಬಂದೆ.

ಮಾವ ಬಂದಾಗ ನಾನು ಹಗ್ಗವನ್ನು ಮಡಿಲಲ್ಲಿ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದೆ. ನೋಡಿದವರೇ ಮೆಟ್ಟಿಲ ಮೇಲೆ ಕುಸಿದರು. ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. "ನಾ ಹೊಸೆದ ಹಗ್ಗ ನಂಗೆ ಗೊತ್ತಿಲ್ವನೇ ಗಂಗೀ? ಮೊದಲ ದಿನವೇ ಕಂಡೆ. ಒಬ್ಬ ಹೋಗಿದ್ದ. ಇನ್ನೊಬ್ಬನ್ನೂ ಕಳಕೊಳ್ಳೂದಾ?" ಎಂದು ಅಳತೊಡಗಿದರು. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ನಿನ್ನ ಅಪ್ಪನೇ ಆ ತುದಿಯನ್ನು ಕಂಬಕ್ಕೆ ಸುತ್ತಿ ಮುಚ್ಚಿಟ್ಟರು. ಆರೂವರೆ ವರ್ಷ ನಾನು ಅದರ ಮೇಲೆ ಸೀರೆ ಒಣಗಿಸಿದೆ, ಅವರು ಜಗಲಿಯಲ್ಲಿ ಕುಳಿತು ನೋಡಿದರು. ದಿನಾ ಮುಗಿಸಿಬಿಡುವ ಎನ್ನುತ್ತಿದ್ದುದು ಇದಕ್ಕೇ.

ಐದು ಮಾರು ನನ್ನ ಹತ್ತಿರ ಇದೆ. ಉಳಿದ ಮೂರು ಮಾರು ಎಲ್ಲಿದೆ ಕಮಲಾಕರ?

ಗಂಗಿ

*

(ಕಾರ್ಡು)
ಟೊಂಕ
30-6-1964

ಮೂರು ಮಾರು ಎಲ್ಲಿ?

ಗಂಗಿ

*

ಮುಂಬಯಿ
21-7-1964

ಅತ್ತಿಗೆ,

ಹಾಗೆ ಕರೆಯುವ ಹಕ್ಕು ನನಗಿಲ್ಲ. ಬೇರೆ ಹೇಗೆ ಕರೆಯಲಿ ಎಂದೂ ತಿಳಿಯುತ್ತಿಲ್ಲ.

ಮೂರು ಮಾರು ಸೋಮಣ್ಣನ ಸೊಂಟದಲ್ಲಿ ಇತ್ತು. ತೆರೆ ಬರುವ ಮೊದಲೇ ಅವನು ತನಗೂ ಕಟ್ಟಿಕೊಂಡಿದ್ದ. ದೋಣಿ ಮಗುಚಿದರೆ ನಮ್ಮವರು ಮಾಡುವ ಕ್ರಮ ನಿನಗೆ ಗೊತ್ತು. ದೋಣಿಯ ಬೆನ್ನಿನ ಮೇಲೆ ಹಗ್ಗ ಹಾಯಿಸಿ ಆಚೆ ಒಬ್ಬ, ಈಚೆ ಒಬ್ಬ ಕಟ್ಟಿಕೊಳ್ಳುವುದು. ಒಬ್ಬನ ಭಾರ ಇನ್ನೊಬ್ಬನನ್ನು ಹಿಡಿದಿರುತ್ತದೆ. ಮೊದಲು ನನಗೆ ಕಟ್ಟಿ ಹೆಚ್ಚಿನ ಹಗ್ಗವನ್ನೂ ನನ್ನ ಸೊಂಟಕ್ಕೇ ಸುತ್ತಿದ, ಆಮೇಲೆ ಆಚೆ ಬದಿಗೆ ಹೋಗಿ ತನಗೆ ಕಟ್ಟಿಕೊಂಡ. ನಡುವೆ ದೋಣಿ. ಅವನು ನನಗೆ ಕಾಣುತ್ತಿರಲಿಲ್ಲ, ನಾನು ಅವನಿಗೆ ಕಾಣುತ್ತಿರಲಿಲ್ಲ. ನೋಡಲಿಲ್ಲ ಎಂದು ದೇವರಾಣೆ ಹಾಕಿ ನಿನಗೆ ಬರೆದದ್ದು ಈ ಧೈರ್ಯದಿಂದ.

ಎರಡು ತಾಸು ಹಾಗೇ ಇದ್ದೆವು. ಹೊಳೆಯ ಸೆಳೆತ ನಮ್ಮನ್ನು ಹೊರಗೆ ತಳ್ಳುತ್ತಿತ್ತು. ಅಣ್ಣ ಆಚೆಯಿಂದ ಮಾತಾಡುತ್ತಲೇ ಇದ್ದ. "ಕಮಲಾ, ನಿದ್ದೆ ಮಾಡಬೇಡ್ವೋ. ಗಂಗಿ ಬಂಗಡೆ ಸಾರು ಮಾಡಿಟ್ಟಿರ್ತದೆ, ತಣ್ಣಗಾದ್ರೆ ಬೈತದೆ" ಎಂದ. ನಾನು ಹೂಂ ಎನ್ನುತ್ತಿದ್ದೆ. ಆಮೇಲೆ ಅವನ ಮಾತು ನಿಂತಿತು. ಹಗ್ಗ ಇದ್ದಕ್ಕಿದ್ದಂತೆ ಆಚೆಗೆ ಎಳೆಯಿತು. ನಾನು ದೋಣಿಯ ಬೆನ್ನಿಗೆ ಅಪ್ಪಳಿಸಿದೆ, ಹೊಟ್ಟೆ ಕೊಯ್ದುಹೋಗುವಷ್ಟು ಬಿಗಿಯಿತು, ದೋಣಿಯೇ ಆ ಕಡೆಗೆ ವಾಲಿತು. ಕರೆದೆ, ಉತ್ತರ ಬರಲಿಲ್ಲ. ಅಣ್ಣ ಸತ್ತ, ಹೆಣ ನನ್ನನ್ನು ಎಳೆಯುತ್ತಿದೆ ಎಂದುಕೊಂಡೆ. ಸತ್ತಿರಲಿ ಎಂದುಕೊಂಡೆನೋ ಏನೋ. ಮೀನು ಕೊಯ್ಯುವ ಚೂರಿ ನನ್ನ ಸೊಂಟದಲ್ಲಿತ್ತು. ಕೊಯ್ದೆ.

ಅವನು ಸತ್ತಿರಲಿಲ್ಲ ಅತ್ತಿಗೆ. ದೋಣಿಯ ಕೆಳಗೆ ಸಿಕ್ಕಿಕೊಂಡಿದ್ದ ಬಲೆ ನಮ್ಮನ್ನು ಜಗ್ಗುತ್ತಿತ್ತು, ಅದನ್ನು ಬಿಡಿಸಲು ಮುಳುಗು ಹಾಕಿದ್ದ. ಬಲೆ ಬಿಟ್ಟಿತು, ದೋಣಿ ಹಗುರಾಯಿತು. ಅವನು ಮೇಲೆ ಬಂದ ಸದ್ದು ಕೇಳಿದೆ. ಉಸಿರು ಎಳೆದುಕೊಂಡ. ಹಗ್ಗ ಜಗ್ಗಿ ನೋಡಿದನೆಂದು ಕಾಣುತ್ತದೆ. ಆಮೇಲೆ ಕೂಗಿದ. "ಕಮಲಾ, ಹಗ್ಗ ಸಡ್ಲಾತಲೋ! ಎಲ್ಲಿದ್ಯೋ?"

ನಾನು ಮೂರು ಮೊಳ ಆಚೆ, ದೋಣಿಯ ಈ ಬದಿಗೆ ಇದ್ದೆ. ಕೈಯಲ್ಲಿ ಚೂರಿ ಇತ್ತು. ನಾಲಿಗೆ ಏಳಲಿಲ್ಲ. ಏನೆಂದು ಓಗೊಡಲಿ? ಅವನು ಮತ್ತೆ ಕೂಗಿದ. ನಾನು ಉಸಿರು ಬಿಗಿಹಿಡಿದೆ. ಹಗ್ಗ ಹರಿದು ನಾನು ಕೊಚ್ಚಿಹೋದೆ ಎಂದು ತಿಳಿದು ನನ್ನನ್ನು ಹುಡುಕಲು ದೋಣಿ ಬಿಟ್ಟು ಸೆಳೆತದ ಕಡೆಗೆ ಈಜಿದ. ಮೂರನೆಯ ಸಲ ಕೂಗಿದ್ದು ದೂರದಿಂದ ಕೇಳಿತು. ಆಮೇಲೆ ಕೇಳಲಿಲ್ಲ.

ಒಂದು ಸಲ ಓ ಎಂದಿದ್ದರೆ ಸಾಕಿತ್ತು. ಅವನು ತಿರುಗಿ ಬರುತ್ತಿದ್ದ.

ಫೋಟೋವನ್ನು ನಿನಗೆ ಏಕೆ ಕಳಿಸಿದೆ ಎಂದು ಈಗ ಯೋಚಿಸುತ್ತೇನೆ. ಚಪ್ಪಾಳೆ ತಟ್ಟಿದವರಲ್ಲಿ ಯಾರಿಗೂ ಹಗ್ಗ ಓದಲು ಬರುತ್ತಿರಲಿಲ್ಲ. ನಿನಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು.

ಕಮಲಾಕರ

*

ಟೊಂಕ
12-8-1964

ಕಮಲಾಕರನಿಗೆ,

ನಿನ್ನ ಕಾಗದ ಒಂದು ಸಲ ಓದಿದೆ. ಎರಡನೆಯ ಸಲ ಓದಲಾರೆ. ಮಾವನಿಗೆ ಹಗ್ಗ ಕೊಯ್ದದ್ದು ಗೊತ್ತು, ಉಳಿದದ್ದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಆ ವಯಸ್ಸಿಗೆ ಅದು ಬೇಡ.

ಬಂಗಡೆ ಸಾರು ಮಾಡಿದ್ದೆ. ಆ ದಿನ ನಾನು ಬೈಯುತ್ತಲೇ ಕಾಯುತ್ತಿದ್ದೆ. ಅವರಿಗೆ ಹೇಗೆ ಗೊತ್ತಾಯಿತು?

ಒಂದು ಮುಷ್ಟಿ ಅಕ್ಕಿ ನಿಲ್ಲಿಸಿದೆ. ಸೆಪ್ಟೆಂಬರ್ ಹದಿಮೂರು, ಭಾನುವಾರ, ಚೌತಿ ಕಳೆದ ಮೇಲೆ ಗೊಂಬೆಯ ಕೆಲಸ. ನಾನು ಕೂಗುತ್ತೇನೆ. ಮಕ್ಕಳಿಲ್ಲದವರಿಗೆ ಬೆಂಕಿ ಇಡಬೇಕಾದವನು ತಮ್ಮ. ಇಟ್ಟುಹೋಗು. ನನ್ನ ಮುಖ ನೋಡಬೇಕಾಗಿಲ್ಲ, ನಾನು ನಿನ್ನದನ್ನು ನೋಡುವುದೂ ಇಲ್ಲ. ಆದರೆ ಬಾ. ಹೊಳೆ ದಾಟಿ ಬಾ.

ಗಂಗಿ

*

ಹೊನ್ನಾವರ ಬಂದರು
13-9-1964

ಅತ್ತಿಗೆ,

ಇಲ್ಲಿಯವರೆಗೆ ಬಂದೆ. ಬೆಳಿಗ್ಗೆ ಏಳು ಗಂಟೆಯಿಂದ ಬಂದರಿನ ಕಟ್ಟೆಯ ಮೇಲೆ ಕುಳಿತಿದ್ದೇನೆ. ಲಾಂಚು ನಾಲ್ಕು ಸಲ ಹೋಗಿ ಬಂತು. ಎರಡು ಸಲ ಟಿಕೆಟ್ ತೆಗೆದೆ. ಒಂದು ಸಲ ಹಲಗೆಯ ಮೇಲೆ ಕಾಲನ್ನೂ ಇಟ್ಟೆ. ಕೆಳಗೆ ನೀರು ಕಂಡಿತು. ಅಲ್ಲೇ ಕುಳಿತೆ, ಜನ ದಾಟಿಕೊಂಡು ಹೋದರು. ಲಾಂಚಿನವನು "ನೀವು ಟೊಂಕದ ದೋಣಿ ತಾಂಡೇಲ ದುರ್ಗಪ್ಪನ ಮಗ ಅಲ್ವಾ?" ಎಂದು ಕೇಳಿದ. ಅಲ್ಲ ಎಂದೆ.

ಆಚೆ ದಡ ಇಲ್ಲಿಗೆ ಕಾಣುತ್ತದೆ. ಹತ್ತು ಅಡಿ ಸಮುದ್ರವನ್ನು ಮೊಣಕಾಲಿಗೆ ಇಳಿಸಿದವನಿಗೆ ಇಷ್ಟು ಹೊಳೆ ದಾಟಲು ಆಗಲಿಲ್ಲ. ಅಲ್ಲಿ ಹೊಗೆ ಏಳುತ್ತಿದೆ. ನಿಮ್ಮದೋ, ಯಾರದೋ ಒಲೆಯದೋ ತಿಳಿಯುತ್ತಿಲ್ಲ.

ಕಮಲಾಕರ

*

ಟೊಂಕ
20-9-1964

ಕಮಲಾಕರನಿಗೆ,

ಆ ಹೊಗೆ ನಮ್ಮದೇ.

ನೀನು ಬರುತ್ತೀಯೆಂದು ಸಮುದ್ರದ ಇಳಿತ ಮುಗಿಯುವವರೆಗೆ ಎಲ್ಲರನ್ನೂ ಕಾಯಿಸಿದೆ. ಲಾಂಚಿನವನು ಬಂದು, "ಒಬ್ಬರು ಬೆಳಿಗ್ಗೆಯಿಂದ ಕಟ್ಟೆ ಮೇಲೆ ಕೂತಿದ್ರು, ನಿಮ್ಮ ಮನೆಯವರ ಹಾಂಗೇ ಇದ್ರು, ಕೇಳಿದ್ರೆ ಅಲ್ಲ ಅಂದ್ರು" ಎಂದ. ಮಾವ ಅಷ್ಟು ದೂರಕ್ಕೆ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಯಾರನ್ನೂ ಕೇಳದೆ ಕೊಳ್ಳಿ ತಾವೇ ಕೈಗೆ ತೆಗೆದುಕೊಂಡರು. ಮಗನಿಗೆ ಅಪ್ಪ ಬೆಂಕಿ ಇಡಬೇಕಾಯಿತು.

ಭಟ್ಕಳದ ಬಳೆ ಒಡೆಯಲು ಈರಮ್ಮ ಕಲ್ಲು ಹಿಡಿದು ಬಂದಳು. ಬೇಡ ಎಂದು ನಾನೇ ಒಡೆದುಕೊಂಡೆ. ಹಗ್ಗವನ್ನು ಅಂಗಳದಿಂದ ಬಿಚ್ಚಿ ತಂದಿದ್ದೆ. ಐದು ಮಾರನ್ನೂ ಗೊಂಬೆಯ ಸೊಂಟಕ್ಕೆ ಸುತ್ತಿದೆ. ಇದು ಕ್ರಮದಲ್ಲಿ ಇಲ್ಲ ಎಂದು ಹಿರಿಯರು ತಡೆದರು, ನಾನು ಕೇಳಲಿಲ್ಲ. ಅವರ ಗಂಟನ್ನು ಬಿಚ್ಚದೆ ಹಾಗೇ ಎದೆಯ ಮೇಲೆ ಇಟ್ಟೆ. ಮೂರು ಮಾರು ಮೊದಲೇ ಅವರ ಹತ್ತಿರ ಇದೆ, ಈಗ ಎಂಟೂ ಅವರದಾಯಿತು. ನಿನ್ನನ್ನು ಕಟ್ಟಿದ್ದು ಯಾವುದೂ ಈ ಮನೆಯಲ್ಲಿ ಉಳಿದಿಲ್ಲ.

ನಿನಗೆ ಕ್ಷಮೆ ಸಿಕ್ಕಿತು ಎಂದು ತಿಳಿಯಬೇಡ. ಹೆದರಿ ಕೊಯ್ದದ್ದಕ್ಕೆ ನಾನು ಏನೂ ಹೇಳುವುದಿಲ್ಲ. ಆ ನೀರಿನಲ್ಲಿ ಯಾರಿಗೂ ಹೆದರಿಕೆ ಆಗುತ್ತದೆ, ನನಗೂ ಆಗುತ್ತಿತ್ತು. ಕೂಗಿದಾಗ ಸುಮ್ಮನಿದ್ದೆಯಲ್ಲ, ಅದು ನನ್ನಿಂದ ಆಗುವುದಿಲ್ಲ. ಸಾಯುವವರೆಗೂ ಆಗುವುದಿಲ್ಲ. ಇದಕ್ಕೆ ಉತ್ತರ ಬರೆಯಬೇಡ.

ಆದರೂ ಆ ದಿನ ನಡೆದದ್ದನ್ನು ನಿನಗೆ ಹೇಳಬೇಕು, ಏಕೆಂದರೆ ಅದರಲ್ಲಿ ನಿನ್ನ ಹೆಸರೂ ಇತ್ತು. ನೀರಿಗೆ ಮೊಣಕಾಲಿನವರೆಗೆ ಇಳಿದು ನಿಂತೆ. ಮೊದಲು ಬಾಯಿ ತೆರೆದೆ, ಹೆಸರು ಹೊರಡಲಿಲ್ಲ. "ಗಟ್ಟಿ ಕೂಗು ತಂಗಿ" ಎಂದು ಶನಿಯಾರ ಹಿಂದಿನಿಂದ ಹೇಳಿದ. ಆಮೇಲೆ ಬಂತು. ಹದಿನಾರು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಹೆಸರು, ಇಷ್ಟು ಗಟ್ಟಿಯಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಮೂರು ಸಲ ಕೂಗಿದೆ. ಓಗೊಡಲಿಲ್ಲ. ಮಾವ ಕೊಳ್ಳಿ ಇಟ್ಟರು.

ತಿರುಗಿ ನೋಡದೆ ದಡಕ್ಕೆ ಬರಬೇಕು, ಅದು ಕ್ರಮ. ನಾನು ಅಲ್ಲೇ ನಿಂತೆ. ಅವರು ಇನ್ನೂ ನಿನ್ನನ್ನು ಹುಡುಕುತ್ತಿದ್ದಾರೆ, ಏಳು ವರ್ಷದಿಂದ ಹುಡುಕುತ್ತಲೇ ಇದ್ದಾರೆ, ಯಾರೂ ಅವರಿಗೆ ಹೇಳಿಲ್ಲ ಎಂದು ಅನಿಸಿತು. ನಾಲ್ಕನೆಯ ಸಲ ಕೂಗಿದೆ. "ಸೋಮಾ, ಕಮಲ ಸಿಕ್ಕಿದ. ದಡದಲ್ಲಿ ಇದ್ದಾನೆ. ಇನ್ನು ಹುಡುಕಬೇಡ."

ಸೋಮನ ಹೆಂಡತಿ
ಗಂಗಿ